ಸರ್ವರ್ ಏಳ್ತಿಲ್ಲ ಅಂತ ಫೈಲ್ ಅಳಿಸ್ಬೇಡಿ

ನಾಲ್ಕನೇ ಸೆಮ್‌ಗೆ ಡಿಬಿಎಂಎಸ್ ಬಂದ ಮೇಲೆ ಎಲ್ಲರ ಲ್ಯಾಪ್‌ಟಾಪ್‌ನಲ್ಲೂ ಒಂದು ಡೇಟಾಬೇಸ್ ಸರ್ವರ್ ಬಂದು ಕೂತಿದೆ. ಕೆಲವರದ್ದರಲ್ಲಿ ಎರಡು. ಮೂರು ಇರೋರೂ ಇದ್ದಾರೆ, ಅವರಿಗೇ ಗೊತ್ತಿಲ್ಲ ಅಷ್ಟೆ. ಲ್ಯಾಬ್‌ಗೆ ಅಂತ ಮೈಎಸ್‌ಕ್ಯೂಎಲ್, ಪಿಎಚ್‌ಪಿ ಮಿನಿ ಪ್ರಾಜೆಕ್ಟ್‌ಗೆ ಅಂತ ಝ್ಯಾಂಪ್, ಸೀನಿಯರ್ ಹೇಳಿದ್ರು ಅಂತ ಡಾಕರ್ ಒಳಗೆ ಒಂದು ಪೋಸ್ಟ್‌ಗ್ರೆಸ್. ಇವು ಸುಮ್ಮನೆ ಓಡ್ತಿರೋವರೆಗೂ ಯಾರೂ ತಿರುಗಿ ನೋಡಲ್ಲ. ಡೆಮೊ ಹಿಂದಿನ ರಾತ್ರಿ ಸ್ಟಾರ್ಟ್ ಬಟನ್ ಒತ್ತಿ, ಕೆಂಪು ಅಕ್ಷರದಲ್ಲಿ ‘ಮೈಎಸ್‌ಕ್ಯೂಎಲ್ ಶಟ್‌ಡೌನ್ ಅನೆಕ್ಸ್‌ಪೆಕ್ಟೆಡ್ಲಿ’ ಅಂತ ಬಂದಾಗ ಶುರುವಾಗೋದು ಗಾಬರಿ.

ಗಾಬರಿಯಲ್ಲಿ ಎಲ್ಲರೂ ಮಾಡೋದು ಒಂದೇ. ಆ ಸಾಲನ್ನ ಕಾಪಿ ಮಾಡಿ ಹುಡುಕೋದು, ಮೊದಲು ಸಿಕ್ಕ ಎರಡು ನಿಮಿಷದ ವಿಡಿಯೋ ನೋಡೋದು, ಅದರಲ್ಲಿ ‘ಡೇಟಾ ಫೋಲ್ಡರ್ ಒಳಗೆ ಹೋಗಿ ಈ ಫೈಲ್ ಡಿಲೀಟ್ ಮಾಡಿ’ ಅಂದ ಹಾಗೆ ಮಾಡೋದು. ಎಷ್ಟೋ ಸಲ ಸರ್ವರ್ ನಿಜವಾಗಲೂ ಎದ್ದೇಳುತ್ತೆ. ಟೇಬಲ್‌ಗಳು ಮಾತ್ರ ಇರಲ್ಲ.

ಇದು ನೆಗಡಿ ಬಂತು ಅಂತ ಮೂಗು ಕೊಯ್ದುಕೊಂಡ ಹಾಗೆ. ನಾನು ನೋಡಿದ ಮಟ್ಟಿಗೆ, ಸರ್ವರ್ ಸ್ಟಾರ್ಟ್ ಆಗದೇ ಇದ್ದಿದ್ದರಿಂದ ಡೇಟಾ ಕಳ್ಕೊಂಡೋರಿಗಿಂತ, ಅದನ್ನ ಸ್ಟಾರ್ಟ್ ಮಾಡಿಸೋಕೆ ಹೋಗಿ ಕಳ್ಕೊಂಡೋರೇ ಜಾಸ್ತಿ.

ಯಾಕೆ ಹೀಗೆ ಅಂತ ಅರ್ಥ ಆಗ್ಬೇಕು ಅಂದ್ರೆ, ಏಳೋ ಮುಂಚೆ ಡೇಟಾಬೇಸ್ ಏನು ಮಾಡುತ್ತೆ ಅಂತ ನೋಡಬೇಕು. ನಾವು ಬರೆಯೋ ಸಿ ಪ್ರೋಗ್ರಾಂ ತಪ್ಪಿದ್ದರೂ ಹೇಗೋ ಓಡಿ ಏನೋ ಒಂದು ಉತ್ತರ ಕೊಟ್ಟುಬಿಡುತ್ತೆ. ಡೇಟಾಬೇಸ್ ಹಾಗೆ ಮಾಡೋ ಹಾಗಿಲ್ಲ. ಬಾಗಿಲು ತೆಗೆಯೋ ಮುಂಚೆ ಅದು ನಾಲ್ಕು ಪ್ರಶ್ನೆ ಕೇಳಿಕೊಳ್ಳುತ್ತೆ. ನನ್ನ ಫೈಲ್‌ಗಳೆಲ್ಲ ಇವೆಯಾ? ಅವನ್ನ ಓದಿ ಬರೆಯೋಕೆ ನನಗೆ ಪರ್ಮಿಷನ್ ಇದೆಯಾ? ಇದೇ ಫೈಲ್‌ಗಳನ್ನ ಇನ್ಯಾರಾದರೂ ಹಿಡಿದುಕೊಂಡಿದ್ದಾರಾ? ಕಳೆದ ಸಲ ನಾನು ಸರಿಯಾಗಿ ಮಲಗಿದ್ನಾ, ಇಲ್ಲ ಯಾರೋ ಪ್ಲಗ್ ಕಿತ್ತಿದ್ರಾ? ಒಂದಕ್ಕೆ ಉತ್ತರ ಸರಿ ಬರದಿದ್ದರೂ, ಮುಂದೆ ಹೋದರೆ ಇರೋದನ್ನೂ ಕೆಡಿಸಿಬಿಟ್ಟೇನು ಅಂತ ಅಲ್ಲೇ ನಿಂತುಬಿಡುತ್ತೆ. ಅಂದರೆ ಬಹಳಷ್ಟು ಸಲ ಅದು ಕೆಟ್ಟು ಬಿದ್ದಿರಲ್ಲ, ಬೇಕಂತಲೇ ಏಳೋಕೆ ಒಪ್ತಾ ಇರಲ್ಲ. ಯಾಕೆ ಒಪ್ತಿಲ್ಲ ಅಂತ ಕಾರಣಾನೂ ಬರೆದಿಟ್ಟಿರುತ್ತೆ. ನಾವು ಓದಲ್ಲ.

ಮೊದಲು, ಅದು ನಿಜವಾಗಲೂ ನಿಂತಿದೆಯಾ?

ಈ ಪ್ರಶ್ನೆ ಪೆದ್ದು ಅನ್ನಿಸಬಹುದು, ಆದರೆ ಅರ್ಧ ಗಂಟೆ ಉಳಿಸುತ್ತೆ. ಕ್ಲೈಂಟ್‌ನಲ್ಲಿ ‘ಎರರ್ 1045, ಆಕ್ಸೆಸ್ ಡಿನೈಡ್’ ಅಂತ ಬಂದರೆ ಖುಷಿ ಪಡಿ: ಸರ್ವರ್ ಓಡ್ತಿದೆ, ಪಾಸ್‌ವರ್ಡ್ ಕೇಳ್ತಿದೆ, ನಿಮ್ಮ ಪಾಸ್‌ವರ್ಡ್ ತಪ್ಪು ಅಂತ ಹೇಳೋಷ್ಟು ಆರೋಗ್ಯವಾಗಿದೆ. ‘ಎರರ್ 2002’ ಬಂದು ಸಾಕೆಟ್ ಫೈಲ್ ಮೂಲಕ ಕನೆಕ್ಟ್ ಆಗೋಕೆ ಆಗಲಿಲ್ಲ ಅಂದರೆ ಅನುಮಾನ ಪಡಬಹುದು. ಅದೂ ಕೂಡ ಸರ್ವರ್ ಒಂದು ಕಡೆ ಸಾಕೆಟ್ ಇಟ್ಟು ಕ್ಲೈಂಟ್ ಇನ್ನೊಂದು ಕಡೆ ಹುಡುಕಿದಾಗ ಬರುತ್ತೆ.

ಉಬುಂಟುನಲ್ಲಿ ಪೋಸ್ಟ್‌ಗ್ರೆಸ್ ಬಳಸೋರಿಗೆ ಇದರ ಉಲ್ಟಾ ಒಂದು ಮೋಸ ಇದೆ. ಸಿಸ್ಟಮ್‌ಸಿಟಿಎಲ್‌ನಲ್ಲಿ ‘ಪೋಸ್ಟ್‌ಗ್ರೆಸ್‌ಕ್ಯೂಎಲ್’ ಸ್ಟೇಟಸ್ ಕೇಳಿದರೆ ಹಸಿರು ಬಣ್ಣದಲ್ಲಿ ‘ಆಕ್ಟಿವ್’ ಅನ್ನುತ್ತೆ, ಪಕ್ಕದಲ್ಲಿ ಸಣ್ಣದಾಗಿ ‘ಎಕ್ಸಿಟೆಡ್’ ಅಂತ ಇರುತ್ತೆ. ಡೇಟಾಬೇಸ್ ಸತ್ತಿದ್ದರೂ ಅದು ಹಸಿರೇ. ಯಾಕಂದ್ರೆ ಅದು ಬರೀ ಹೊರಗಿನ ಕೊಡೆ, ನಿಜವಾದ ಸರ್ವಿಸ್ ಹೆಸರಿನಲ್ಲಿ ವರ್ಷನ್ ನಂಬರ್ ಮತ್ತು ‘ಮೇನ್’ ಅನ್ನೋದು ಸೇರಿರುತ್ತೆ. ‘ಪಿಜಿ ಅಂಡರ್‌ಸ್ಕೋರ್ ಎಲ್‌ಎಸ್‌ಕ್ಲಸ್ಟರ್ಸ್’ ಅನ್ನೋ ಕಮಾಂಡ್ ಕೊಟ್ಟರೆ ಯಾವ ವರ್ಷನ್, ಯಾವ ಪೋರ್ಟ್, ಓಡ್ತಿದೆಯಾ ಇಲ್ವಾ ಎಲ್ಲ ಒಂದೇ ಸಾಲಲ್ಲಿ ಬರುತ್ತೆ.

ಲಾಗ್ ಎಲ್ಲಿದೆ, ಯಾವ ಸಾಲು ಓದಬೇಕು

‘ಕಂಟ್ರೋಲ್ ಪ್ರೋಸೆಸ್ ಎಕ್ಸಿಟೆಡ್ ವಿತ್ ಎರರ್ ಕೋಡ್’ ಅಂತ ಸಿಸ್ಟಮ್‌ಡಿ ಹೇಳೋದು ‘ಏನೋ ಆಯ್ತಪ್ಪ’ ಅಂದ ಹಾಗೆ ಅಷ್ಟೆ. ಝ್ಯಾಂಪ್ ಪ್ಯಾನೆಲ್‌ನ ಕೆಂಪು ಸಾಲೂ ಅದೇ ಜಾತಿ. ನಿಜವಾದ ಕಾರಣ ಸರ್ವರ್‌ನ ಎರರ್ ಲಾಗ್‌ನಲ್ಲಿರುತ್ತೆ. ಉಬುಂಟುನಲ್ಲಿ ‘ವಾರ್’ ಒಳಗೆ ‘ಲಾಗ್’, ಅದರೊಳಗೆ ‘ಮೈಎಸ್‌ಕ್ಯೂಎಲ್’ ಅಥವಾ ‘ಪೋಸ್ಟ್‌ಗ್ರೆಸ್‌ಕ್ಯೂಎಲ್’ ಫೋಲ್ಡರ್. ವಿಂಡೋಸ್ ಝ್ಯಾಂಪ್‌ನಲ್ಲಿ ಮೈಎಸ್‌ಕ್ಯೂಎಲ್ ಫೋಲ್ಡರ್‌ನ ‘ಡೇಟಾ’ ಒಳಗೇ ಇರುತ್ತೆ, ಹೆಸರಿನಲ್ಲೇ ‘ಎರರ್’ ಇದೆ. ವಿಂಡೋಸ್‌ನಲ್ಲಿ ಮೈಎಸ್‌ಕ್ಯೂಎಲ್ ಬೇರೆಯಾಗಿ ಹಾಕಿಕೊಂಡಿದ್ದರೆ ‘ಪ್ರೋಗ್ರಾಂಡೇಟಾ’ ಅನ್ನೋ ಅಡಗಿಸಿಟ್ಟ ಫೋಲ್ಡರ್‌ನಲ್ಲಿ, ನಿಮ್ಮ ಕಂಪ್ಯೂಟರ್ ಹೆಸರಿನ ಮುಂದೆ ‘ಡಾಟ್ ಇಆರ್‌ಆರ್’ ಸೇರಿಸಿಕೊಂಡು ಕೂತಿರುತ್ತೆ. ಡಾಕರ್ ಆದರೆ ‘ಡಾಕರ್ ಲಾಗ್ಸ್’, ಮುಂದೆ ಕಂಟೇನರ್ ಹೆಸರು.

(ಇಲ್ಲಿ ಕಮಾಂಡ್‌ಗಳನ್ನ ಕನ್ನಡದಲ್ಲೇ ಬರೀತಿದ್ದೀನಿ. ಟರ್ಮಿನಲ್ ಇನ್ನೂ ಕನ್ನಡ ಕಲಿತಿಲ್ಲ, ಟೈಪ್ ಮಾಡುವಾಗ ನೀವೇ ಬದಲಾಯಿಸಿಕೊಳ್ಳಿ.)

ಲಾಗ್ ತೆರೆದ ಮೇಲೆ ಕೊನೆಯ ಸಾಲು ಓದಿ ಮುಗಿಸಬೇಡಿ. ಮೈಎಸ್‌ಕ್ಯೂಎಲ್‌ನಲ್ಲಿ ಕೊನೆಗೆ ‘ಅಬಾರ್ಟಿಂಗ್’, ‘ಶಟ್‌ಡೌನ್ ಕಂಪ್ಲೀಟ್’ ಅಂತ ಇರುತ್ತೆ. ಅದು ಪರಿಣಾಮ, ಕಾರಣ ಅಲ್ಲ. ಮೇಲಕ್ಕೆ ಹೋಗಿ, ಕಳೆದ ಸಲ ನೀವು ಸ್ಟಾರ್ಟ್ ಒತ್ತಿದ ಟೈಮ್ ಎಲ್ಲಿ ಶುರುವಾಗುತ್ತೆ ನೋಡಿ. ಅಲ್ಲಿಂದ ಕೆಳಗೆ ಬರೋ ಮೊದಲನೇ ‘ಎರರ್’ ಸಾಲೇ ಮುಖ್ಯ. ಕಂಪೈಲರ್ ಥರಾನೇ: ಒಂದು ಸೆಮಿಕೋಲನ್ ಬಿಟ್ಟರೆ ನಲವತ್ತು ಎರರ್ ಬರುತ್ತೆ, ಸರಿ ಮಾಡಬೇಕಾದ್ದು ಮೊದಲನೇದನ್ನ.

ಆ ಸಾಲಲ್ಲಿ ಆಪರೇಟಿಂಗ್ ಸಿಸ್ಟಮ್ ಕೊಟ್ಟ ಒಂದು ನಂಬರ್ ಇದ್ದರೆ ಅರ್ಧ ಕೆಲಸ ಮುಗೀತು. ಲಿನಕ್ಸ್‌ನಲ್ಲಿ 2 ಅಂದರೆ ಫೈಲ್ ಇಲ್ಲ. 13 ಅಂದರೆ ಪರ್ಮಿಷನ್ ಇಲ್ಲ. 28 ಅಂದರೆ ಡಿಸ್ಕ್‌ನಲ್ಲಿ ಜಾಗ ಇಲ್ಲ. 11 ಅಂದರೆ ಬೇರೆ ಯಾರೋ ಬೀಗ ಹಾಕಿಕೊಂಡಿದ್ದಾರೆ, ಅಂದರೆ ಇನ್ನೊಂದು ಸರ್ವರ್ ಅದೇ ಫೈಲ್‌ಗಳ ಮೇಲೆ ಈಗಾಗಲೇ ಓಡ್ತಿದೆ. ಬೇರೆ ನಂಬರ್ ಬಂದರೆ ಮೈಎಸ್‌ಕ್ಯೂಎಲ್ ಜೊತೆಗೇ ಬರೋ ‘ಪಿಎರರ್’ ಅನ್ನೋ ಸಣ್ಣ ಟೂಲ್‌ಗೆ ಆ ನಂಬರ್ ಕೊಡಿ, ಅರ್ಥ ಹೇಳುತ್ತೆ.

ಲಾಗ್‌ನಲ್ಲಿ ಹೊಸ ಸಾಲೇ ಬಂದಿಲ್ಲವಾ? ಹಾಗಾದರೆ ಲಾಗ್ ತೆರೆಯೋ ಮುಂಚೆಯೇ ಸತ್ತಿದೆ, ಇಲ್ಲವೇ ಬರೆಯೋಕೂ ಬಿಡದೆ ಯಾರೋ ಕೊಂದಿದ್ದಾರೆ. ಒಂದು ಜಿಬಿ ರ‍್ಯಾಮ್ ಇರೋ ಫ್ರೀ ಕ್ಲೌಡ್ ಮಷೀನ್‌ನಲ್ಲಿ ಮೈಎಸ್‌ಕ್ಯೂಎಲ್, ನೋಡ್, ಇನ್ನೇನೋ ಎಲ್ಲ ಒಟ್ಟಿಗೆ ಹಾಕಿದವರಿಗೆ ಎರಡನೇದು ಚೆನ್ನಾಗಿ ಗೊತ್ತು. ಮೆಮೊರಿ ಮುಗಿದಾಗ ಲಿನಕ್ಸ್ ಕರ್ನಲ್ ಒಂದು ಪ್ರೋಸೆಸ್‌ನ ಕೊಲ್ಲುತ್ತೆ, ದಪ್ಪಗಿರೋದು ಡೇಟಾಬೇಸ್ ಆದ್ದರಿಂದ ಅದೇ ಸಿಗೋದು. ‘ಡಿಮೆಸೇಜ್’ನಲ್ಲಿ ‘ಔಟ್ ಆಫ್ ಮೆಮೊರಿ’ ಅಂತ ಹುಡುಕಿ.

ಮುಟ್ಟೋ ಮುಂಚೆ ಒಂದು ಕಾಪಿ

ಇನ್ನು ಏನೇ ರಿಪೇರಿ ಮಾಡೋದಿದ್ದರೂ ಅದಕ್ಕೆ ಮೊದಲು ಇದು. ಟಾಸ್ಕ್ ಮ್ಯಾನೇಜರ್‌ನಲ್ಲೋ ‘ಪಿಎಸ್’ ಕಮಾಂಡ್‌ನಲ್ಲೋ ಸರ್ವರ್ ಪ್ರೋಸೆಸ್ ಇಲ್ಲ ಅಂತ ಖಾತ್ರಿ ಮಾಡಿಕೊಂಡು, ಇಡೀ ಡೇಟಾ ಫೋಲ್ಡರ್ ಇನ್ನೊಂದು ಡ್ರೈವ್‌ಗೆ ಕಾಪಿ ಮಾಡಿ. ಇಡೀದು, ಬರೀ ನಿಮ್ಮ ಡೇಟಾಬೇಸ್ ಹೆಸರಿನ ಸಬ್‌ಫೋಲ್ಡರ್ ಅಲ್ಲ. ನಮ್ಮ ಪ್ರಾಜೆಕ್ಟ್‌ಗಳಲ್ಲಿ ಇದು ಹೆಚ್ಚು ಅಂದರೆ ಕೆಲವು ನೂರು ಎಂಬಿ, ಐದು ನಿಮಿಷದ ಕೆಲಸ. ಆಮೇಲೆ ನೀವು ಎಂಥ ಪ್ರಯೋಗ ಮಾಡಿದರೂ ಈ ಸ್ಥಿತಿಗಾದರೂ ವಾಪಸ್ ಬರಬಹುದು. ಕೆಟ್ಟಿದ್ದರೂ ಪರವಾಗಿಲ್ಲ, ಕೆಟ್ಟಿರೋ ಡೇಟಾದಿಂದ ಹೊರಗೆ ತೆಗೆಯೋದು ಸಾಧ್ಯ. ಇಲ್ಲದೇ ಇರೋದರಿಂದ ಸಾಧ್ಯ ಇಲ್ಲ.

ಸಾಮಾನ್ಯ ಕಾರಣಗಳು

ನಮ್ಮ ಕಡೆ ನಂಬರ್ ಒನ್ ಕಾರಣ ಪೋರ್ಟ್. ಲ್ಯಾಬ್‌ಗೆ ಹಾಕಿದ ಮೈಎಸ್‌ಕ್ಯೂಎಲ್ ವಿಂಡೋಸ್ ಸರ್ವಿಸ್ ಆಗಿ, ಲ್ಯಾಪ್‌ಟಾಪ್ ಆನ್ ಆದ ಕೂಡಲೇ ಎದ್ದು 3306ರಲ್ಲಿ ಕೂತುಬಿಡುತ್ತೆ. ಆಮೇಲೆ ಝ್ಯಾಂಪ್ ಸ್ಟಾರ್ಟ್ ಮಾಡ್ತೀರಿ. ಅದರ ಬಟನ್ ಮೇಲೆ ಮೈಎಸ್‌ಕ್ಯೂಎಲ್ ಅಂತಿದ್ದರೂ ಒಳಗಿರೋದು ಮಾರಿಯಾಡಿಬಿ, ಅದಕ್ಕೂ ಬೇಕಾಗಿರೋದು ಅದೇ 3306. ಬಸ್‌ನಲ್ಲಿ ಟವೆಲ್ ಹಾಕಿದ ಸೀಟು, ಒಬ್ಬರೇ ಕೂರೋಕಾಗೋದು. ಲಾಗ್‌ನಲ್ಲಿ ‘ಅಡ್ರೆಸ್ ಆಲ್ರೆಡಿ ಇನ್ ಯೂಸ್’ ಅಂತ ಇದ್ದರೆ ಇದೇ. ವಿಂಡೋಸ್‌ನಲ್ಲಿ ‘ನೆಟ್‌ಸ್ಟ್ಯಾಟ್ ಮೈನಸ್ ಎಎನ್‌ಒ’ ಕೊಟ್ಟು 3306 ಹುಡುಕಿದರೆ ಸಾಲಿನ ಕೊನೆಯಲ್ಲಿ ಪಿಐಡಿ ಸಿಗುತ್ತೆ, ಲಿನಕ್ಸ್‌ನಲ್ಲಿ ‘ಎಸ್‌ಎಸ್ ಮೈನಸ್ ಎಲ್‌ಟಿಎನ್‌ಪಿ’. ಆ ಸರ್ವಿಸ್ ನಿಲ್ಲಿಸಿ, ಇಲ್ಲ ಝ್ಯಾಂಪ್‌ನ 3307ಕ್ಕೆ ಕಳಿಸಿ, ನಿಮ್ಮ ಪಿಎಚ್‌ಪಿ ಕೋಡ್‌ನಲ್ಲೂ ಪೋರ್ಟ್ ಬದಲಿಸಿ. ಒಂದೇ ಒಂದು ಫೈಲ್ ಅಳಿಸೋ ಅಗತ್ಯ ಇಲ್ಲ. ಆದರೂ ಇದೇ ತೊಂದರೆಗೆ ಡೇಟಾ ಫೋಲ್ಡರ್ ಖಾಲಿ ಮಾಡಿದವರಿದ್ದಾರೆ.

ಡಿಸ್ಕ್ ತುಂಬಿದ್ದರೆ ‘ಡಿಎಫ್ ಮೈನಸ್ ಎಚ್’ ಹೇಳುತ್ತೆ. ಜಾಗ ಇದೆ ಅಂತ ತೋರಿಸಿದರೂ 28 ಬರ್ತಿದ್ದರೆ ‘ಡಿಎಫ್ ಮೈನಸ್ ಐ’ ನೋಡಿ, ಲಕ್ಷಾಂತರ ಸಣ್ಣ ಫೈಲ್‌ಗಳಿಂದ ಐನೋಡ್ ಮುಗಿದಿರಬಹುದು. ಜಾಗ ಮಾಡೋದು ಬೇರೆ ಕಡೆಯಿಂದ: ಹಳೇ ನೋಡ್ ಮಾಡ್ಯೂಲ್ಸ್, ಡೌನ್‌ಲೋಡ್ಸ್, ಬಳಸದ ಡಾಕರ್ ಇಮೇಜ್. ಡೇಟಾಬೇಸ್ ಫೋಲ್ಡರ್‌ನಲ್ಲಿ ಬಿನ್‌ಲಾಗ್ ಅಂತ ದೊಡ್ಡ ದೊಡ್ಡ ಫೈಲ್ ಕಾಣುತ್ತೆ, ಕೈ ತುರಿಸುತ್ತೆ. ಮೈಎಸ್‌ಕ್ಯೂಎಲ್ 8ರಲ್ಲಿ ಅದು ತಾನಾಗೇ ಆನ್ ಇರುತ್ತೆ, 30 ದಿನದ ಮೇಲೆ ತಾನೇ ಅಳಿಸಿಕೊಳ್ಳುತ್ತೆ. ಬೇಗ ಬೇಕಿದ್ದರೆ ಸರ್ವರ್ ಎದ್ದ ಮೇಲೆ ‘ಪರ್ಜ್ ಬೈನರಿ ಲಾಗ್ಸ್’ ಅಂತ ಅದಕ್ಕೇ ಹೇಳಿ.

ಪರ್ಮಿಷನ್ ವಿಷಯಕ್ಕೆ ಬಂದರೆ ನಮ್ಮವರ ಸರ್ವರೋಗ ಔಷಧಿ ‘ಸಿಎಚ್‌ಮೋಡ್ 777’. ಇದರ ತಮಾಷೆ ಏನಂದ್ರೆ, ಪೋಸ್ಟ್‌ಗ್ರೆಸ್‌ಗೆ 777 ಕೊಟ್ಟರೆ ಅದು ಏಳೋದೇ ಇಲ್ಲ. ತನ್ನ ಡೇಟಾ ಫೋಲ್ಡರ್ 700 ಇಲ್ಲ 750 ಇರಲೇಬೇಕು, ಎಲ್ಲರಿಗೂ ತೆರೆದಿರೋ ಮನೆಯಲ್ಲಿ ನಾನಿರಲ್ಲ ಅನ್ನುತ್ತೆ. ಮೈಎಸ್‌ಕ್ಯೂಎಲ್ ಇನ್ನೊಂದು ಥರ: ಕಾನ್ಫಿಗ್ ಫೈಲ್‌ಗೆ ಯಾರು ಬೇಕಾದರೂ ಬರೆಯಬಹುದು ಅಂತಿದ್ದರೆ ಆ ಫೈಲ್‌ನ ಓದೋದೇ ಇಲ್ಲ. ನೀವು ಅದರಲ್ಲಿ ಏನು ಬದಲಿಸಿದರೂ ಯಾಕೆ ನಡೀತಿಲ್ಲ ಅಂತ ತಲೆ ಕೆರ್ಕೋತಾ ಇರ್ತೀರಿ. ಸರಿಯಾದ ದಾರಿ ಫೋಲ್ಡರ್‌ನ ಓನರ್ ಯಾರು ಅಂತ ಸರಿ ಮಾಡೋದು, ‘ಸಿಎಚ್‌ಓನ್’. ಅದೂ ಸರಿ ಇದ್ದು, ಉಬುಂಟುನಲ್ಲಿ ಡೇಟಾ ಫೋಲ್ಡರ್‌ನ ಬೇರೆ ಡ್ರೈವ್‌ಗೆ ಸಾಗಿಸಿದ ಮೇಲೆ 13 ಬರ್ತಿದ್ದರೆ ಆಪ್‌ಆರ್ಮರ್ ತಡೀತಿರುತ್ತೆ, ಅದರ ಪ್ರೊಫೈಲ್‌ನಲ್ಲಿ ಹೊಸ ಜಾಗ ಸೇರಿಸಬೇಕು.

ಕಾನ್ಫಿಗ್ ತಪ್ಪುಗಳು ಸುಲಭ, ಲಾಗ್ ನೇರವಾಗಿ ಹೆಸರು ಹೇಳುತ್ತೆ. ಹಳೇ ಬ್ಲಾಗ್‌ನಿಂದ ‘ಕ್ವೆರಿ ಕ್ಯಾಶ್ ಸೈಜ್’ ಸಾಲು ಹಾಕಿಕೊಂಡರೆ ಮೈಎಸ್‌ಕ್ಯೂಎಲ್ 8 ‘ಅನ್‌ನೋನ್ ವೇರಿಯಬಲ್’ ಅಂತ ನಿಲ್ಲುತ್ತೆ, ಯಾಕಂದ್ರೆ ಆ ಫೀಚರನ್ನೇ ತೆಗೆದುಹಾಕಿದ್ದಾರೆ. ‘ವ್ಯಾಲಿಡೇಟ್ ಕಾನ್ಫಿಗ್’ ಆಪ್ಷನ್ ಕೊಟ್ಟರೆ ಸ್ಟಾರ್ಟ್ ಮಾಡದೇ ಬರೀ ಕಾನ್ಫಿಗ್ ಚೆಕ್ ಮಾಡಿ ಹೇಳುತ್ತೆ.

ಕಿರ್ದಿ ಮತ್ತು ಖಾತೆ

ಈಗ ನಿಜವಾಗಲೂ ಹೆದರಬೇಕಾದ ಕೇಸ್: ಕರೆಂಟ್ ಹೋಗಿ, ಬ್ಯಾಟರಿ ಸತ್ತು, ಅಥವಾ ಸ್ಟಾಪ್ ಒತ್ತದೇ ಲ್ಯಾಪ್‌ಟಾಪ್ ಆಫ್ ಮಾಡಿ, ಆಮೇಲೆ ಸರ್ವರ್ ಏಳದೇ ಇರೋದು.

ಊರಿನ ಹಳೇ ಅಂಗಡಿಗಳಲ್ಲಿ ಎರಡು ಪುಸ್ತಕ ಇರುತ್ತೆ. ವ್ಯಾಪಾರ ಆದ ಹಾಗೆ ಒಂದರ ಕೆಳಗೊಂದು ಬರೀತಾ ಹೋಗೋದು ಕಿರ್ದಿ. ಪುರುಸೊತ್ತಾದಾಗ ಅದನ್ನ ನೋಡಿಕೊಂಡು ಯಾರ್ಯಾರ ಹೆಸರಿನ ಪುಟಕ್ಕೆ ಏರಿಸೋದು ಖಾತೆ. ಗಿರಾಕಿ ನಿಂತಿರುವಾಗ ಖಾತೆ ಪುಸ್ತಕದ ಪುಟ ಹುಡುಕ್ತಾ ಕೂರೋಕಾಗಲ್ಲ, ಅದಕ್ಕೆ ಈ ಏರ್ಪಾಡು. ಇನ್ನೊಡಿಬಿ ಮಾಡೋದೂ ಇದನ್ನೇ. ನೀವು ಕಮಿಟ್ ಕೊಟ್ಟಾಗ ಬದಲಾವಣೆ ಮೊದಲು ರೀಡೂ ಲಾಗ್ ಅನ್ನೋ ಕಿರ್ದಿಗೆ, ಸಾಲಾಗಿ ಬರೆದುಕೊಳ್ಳುತ್ತೆ. ಟೇಬಲ್‌ಗಳ 16 ಕೆಬಿ ಪೇಜ್‌ಗಳು ಇನ್ನೂ ಮೆಮೊರಿಯಲ್ಲೇ ಇರುತ್ತೆ, ಅವು ಡಿಸ್ಕ್‌ಗೆ ಹೋಗೋದು ನಿಧಾನವಾಗಿ, ಆಮೇಲೆ. ಪೋಸ್ಟ್‌ಗ್ರೆಸ್‌ನಲ್ಲಿ ಇದೇ ಕಿರ್ದಿಗೆ ವಾಲ್ ಅಂತ ಹೆಸರು, ರೈಟ್ ಅಹೆಡ್ ಲಾಗ್. ಕ್ಲಾಸ್‌ನಲ್ಲಿ ಎಸಿಐಡಿ ಅಂತ ಬರೆಸ್ತಾರಲ್ಲ, ಅದರ ‘ಡಿ’ ನಿಂತಿರೋದು ಇದರ ಮೇಲೆ.

ಕರೆಂಟ್ ಹೋದಾಗ ಖಾತೆ ಅರ್ಧಂಬರ್ಧ ಇರುತ್ತೆ, ಕಿರ್ದಿ ಪೂರ್ತಿ ಇರುತ್ತೆ. ಮುಂದಿನ ಸಲ ಏಳುವಾಗ ಸರ್ವರ್ ಕಿರ್ದಿ ಓದಿ ಖಾತೆ ಸರಿ ಮಾಡಿಕೊಳ್ಳುತ್ತೆ. ಇದೇ ಕ್ರ್ಯಾಶ್ ರಿಕವರಿ. ದೊಡ್ಡ ಡೇಟಾಬೇಸ್ ಆದರೆ ಟೈಮ್ ಹಿಡಿಯುತ್ತೆ. ಏಳ್ತಿಲ್ಲ ಅಂತ ನಾವು ಮಧ್ಯದಲ್ಲಿ ಕಿಲ್ ಮಾಡಿದರೆ ಮತ್ತೆ ಮೊದಲಿಂದ. ಲಾಗ್‌ನಲ್ಲಿ ‘ರಿಕವರಿ’ ಅನ್ನೋ ಪದ ಬಂದು ಹೊಸ ಸಾಲುಗಳು ಸೇರ್ತಾ ಇದ್ದರೆ ಟೀ ಕುಡಿದು ಬನ್ನಿ.

ಈಗ ಆ ಪ್ರಸಿದ್ಧ ಸಲಹೆಗೆ ಬರೋಣ: ‘ಐಬಿ ಲಾಗ್‌ಫೈಲ್ 0 ಮತ್ತು 1 ಡಿಲೀಟ್ ಮಾಡಿ.’ ಅಂದರೆ ಕಿರ್ದಿ ಪುಸ್ತಕ ಒಲೆಗೆ ಹಾಕಿ. ಈ ಸಲಹೆ ಎಲ್ಲಿಂದ ಬಂತು ಗೊತ್ತಾ? ಮೈಎಸ್‌ಕ್ಯೂಎಲ್ 5.5ರ ಕಾಲದಲ್ಲಿ ರೀಡೂ ಲಾಗ್‌ನ ಸೈಜ್ ಬದಲಿಸಬೇಕು ಅಂದರೆ ಸರ್ವರ್‌ನ ಸರಿಯಾಗಿ ನಿಲ್ಲಿಸಿ, ಹಳೇ ಲಾಗ್ ಫೈಲ್ ತೆಗೆದು, ಮತ್ತೆ ಸ್ಟಾರ್ಟ್ ಮಾಡಬೇಕಿತ್ತು. ಸರಿಯಾಗಿ ನಿಲ್ಲಿಸಿದಾಗ ಕಿರ್ದಿಯಲ್ಲಿ ಬಾಕಿ ಏನೂ ಇರಲ್ಲ, ಅದಕ್ಕೆ ಅಪಾಯ ಇರಲಿಲ್ಲ. ‘ಸರಿಯಾಗಿ ನಿಲ್ಲಿಸಿ’ ಅನ್ನೋ ಮೂರನೇ ಒಂದು ಭಾಗ ಬಿಟ್ಟುಹೋಗಿ, ‘ತೆಗೆದುಹಾಕಿ’ ಅನ್ನೋದು ಮಾತ್ರ ಬಾಯಿಂದ ಬಾಯಿಗೆ ಉಳಿದುಕೊಂಡಿದೆ. ನಮಗೆ ಬರೋದು ಕ್ರ್ಯಾಶ್ ಆದ ಕೇಸ್. ಅಲ್ಲಿ ಕಿರ್ದಿ ಅಳಿಸಿದರೆ ಇನ್ನೂ ಖಾತೆಗೆ ಏರದ ಕಮಿಟ್‌ಗಳು ಹೋಗುತ್ತೆ, ಪೇಜ್‌ಗಳಿಗೂ ಲಾಗ್‌ಗೂ ಲೆಕ್ಕ ತಾಳೆ ಆಗಲ್ಲ.

ಇದಕ್ಕಿಂತ ಕೆಟ್ಟದ್ದು ‘ಐಬಿಡೇಟಾ1’ ಅಳಿಸೋದು. ಝ್ಯಾಂಪ್‌ನ ಮಾರಿಯಾಡಿಬಿಯಲ್ಲಿ ಯಾವ ಟೇಬಲ್ ಎಲ್ಲಿದೆ ಅನ್ನೋ ಇನ್ನೊಡಿಬಿಯ ಪಟ್ಟಿ ಇರೋದೇ ಅದರಲ್ಲಿ. ಅದು ಹೋದರೆ ನಿಮ್ಮ ಟೇಬಲ್‌ನ ಫೈಲ್ ಕಣ್ಣೆದುರಿಗೇ ಇರುತ್ತೆ, ಪಿಎಚ್‌ಪಿಮೈಆಡ್ಮಿನ್‌ನಲ್ಲಿ ಹೆಸರೂ ಕಾಣುತ್ತೆ, ಕ್ಲಿಕ್ ಮಾಡಿದರೆ ‘1932, ಟೇಬಲ್ ಡಸಂಟ್ ಎಕ್ಸಿಸ್ಟ್ ಇನ್ ಎಂಜಿನ್’. ಮನೆ ಇದೆ, ಪಹಣಿ ಇಲ್ಲ. ಝ್ಯಾಂಪ್‌ಗೆ ಎಲ್ಲರೂ ಹೇಳೋ ಒಂದು ರಿಪೇರಿ ಇದೆಯಲ್ಲ, ‘ಡೇಟಾ’ ಫೋಲ್ಡರ್ ಹೆಸರು ಬದಲಿಸಿ ‘ಬ್ಯಾಕಪ್’ ಫೋಲ್ಡರ್‌ನ ‘ಡೇಟಾ’ ಅಂತ ಕಾಪಿ ಮಾಡಿ, ಹಳೇದರಿಂದ ನಿಮ್ಮ ಡೇಟಾಬೇಸ್ ಫೋಲ್ಡರ್‌ಗಳನ್ನ ತನ್ನಿ ಅನ್ನೋದು, ಅದರ ಕೊನೇ ಹೆಜ್ಜೆ ಹಳೇ ಐಬಿಡೇಟಾ1ನೂ ತರೋದು. ಅರ್ಧ ಜನ ಅದನ್ನೇ ಬಿಡ್ತಾರೆ, 1932 ಬರುತ್ತೆ. ಹೀಗೆ ಮಾಡಿದಾಗ ನೀವು ಮಾಡಿಕೊಂಡಿದ್ದ ಯೂಸರ್, ಪಾಸ್‌ವರ್ಡ್‌ಗಳು ಹೋಗುತ್ತೆ ಅನ್ನೋದೂ ಗೊತ್ತಿರಲಿ, ಅವು ಇರೋದು ‘ಮೈಎಸ್‌ಕ್ಯೂಎಲ್’ ಅನ್ನೋ ಸಿಸ್ಟಮ್ ಫೋಲ್ಡರ್‌ನಲ್ಲಿ, ಅದು ಹೊಸದಾಗಿರುತ್ತೆ.

ಲಾಗ್ ತಾನಾಗೇ ಅಳಿಸು ಅಂತ ಹೇಳೋದೂ ಉಂಟು. ಮಾರಿಯಾಡಿಬಿಯ ಸಿಸ್ಟಮ್ ಟೇಬಲ್‌ಗಳು ಆರಿಯಾ ಅನ್ನೋ ಬೇರೆ ಎಂಜಿನ್‌ನಲ್ಲಿವೆ. ‘ಆರಿಯಾ ರಿಕವರಿ ಫೇಲ್ಡ್’ ಅಂತ ಬಂದರೆ, ‘ಆರಿಯಾ ಚೆಕ್’ ಟೂಲ್ ಓಡಿಸಿ, ಆರಿಯಾ ಲಾಗ್ ಫೈಲ್‌ಗಳನ್ನ ತೆಗೆಯಿರಿ ಅಂತ ಅದೇ ಸಾಲಲ್ಲಿ ಇರುತ್ತೆ. ಆಗ ತೆಗೆಯಬಹುದು. ಆಗಲೂ ಡಿಲೀಟ್ ಬದಲು ಹೆಸರು ಬದಲಿಸಿ ಪಕ್ಕಕ್ಕಿಡಿ, ಕೆಲಸ ಅದೇ ಆಗುತ್ತೆ.

ಪೇಜ್‌ಗಳೇ ಕೆಟ್ಟು ರಿಕವರಿ ಅರ್ಧಕ್ಕೆ ನಿಲ್ತಿದ್ದರೆ ‘ಇನ್ನೊಡಿಬಿ ಫೋರ್ಸ್ ರಿಕವರಿ’ ಅನ್ನೋ ಸೆಟ್ಟಿಂಗ್ ಇದೆ, 1ರಿಂದ 6ರವರೆಗೆ. 1ರಿಂದ ಶುರು ಮಾಡಿ ಒಂದೊಂದೇ ಹೆಚ್ಚಿಸಬೇಕು, ನೇರ 6ಕ್ಕೆ ಹಾರೋದಲ್ಲ. 4 ಮತ್ತು ಮೇಲೆ ಹೋದರೆ ಡೇಟಾ ಶಾಶ್ವತವಾಗಿ ಕೆಡಬಹುದು ಅಂತ ಮ್ಯಾನ್ಯುವಲ್‌ನಲ್ಲೇ ಬರೆದಿದ್ದಾರೆ. ಇದು ವಾಸಿ ಮಾಡೋ ಮದ್ದಲ್ಲ, ಸಾಮಾನು ಹೊರಗೆ ಸಾಗಿಸೋಕೆ ಬಾಗಿಲು ಸ್ವಲ್ಪ ಹೊತ್ತು ತೆರೆದಿಡೋದು ಅಷ್ಟೆ. ಎದ್ದ ಕೂಡಲೇ ಡಂಪ್ ತೆಗೆದು, ಹೊಸ ಸರ್ವರ್‌ಗೆ ತುಂಬಿಸಬೇಕು.

ಪೋಸ್ಟ್‌ಗ್ರೆಸ್ ಕಡೆಯ ಒಂದು ಕಥೆ ನನಗೆ ತುಂಬಾ ಇಷ್ಟ. ಅದರಲ್ಲಿ ವಾಲ್ ಇರೋ ಫೋಲ್ಡರ್ ಹೆಸರು ಮೊದಲು ‘ಪಿಜಿ ಎಕ್ಸ್‌ಲಾಗ್’ ಅಂತ ಇತ್ತು. ಯಾವ ಟ್ರಾನ್ಸಾಕ್ಷನ್ ಕಮಿಟ್ ಆಗಿದೆ ಅಂತ ಬರೆದಿಡೋ ಫೋಲ್ಡರ್ ‘ಪಿಜಿ ಸಿಲಾಗ್’. ಹೆಸರಲ್ಲಿ ಲಾಗ್ ಅಂತಿದೆ, ಬೇಡದ ಲಾಗ್ ಫೈಲ್ ಇರಬೇಕು ಅಂತ ಜಾಗ ಮಾಡೋಕೆ ಜನ ಅದನ್ನ ಅಳಿಸ್ತಾ ಇದ್ದರು, ಡೇಟಾಬೇಸೇ ಹೋಗ್ತಿತ್ತು. ಕೊನೆಗೆ 2017ರಲ್ಲಿ ಬಂದ ವರ್ಷನ್ 10ರಲ್ಲಿ ಹೆಸರುಗಳನ್ನೇ ‘ಪಿಜಿ ವಾಲ್’, ‘ಪಿಜಿ ಎಕ್ಸ್ಯಾಕ್ಟ್’ ಅಂತ ಬದಲಿಸಿಬಿಟ್ಟರು. ಅಳಿಸೋ ಚಟ ನಮ್ಮ ಕಾಲೇಜಿಗೆ ಮಾತ್ರ ಸೀಮಿತ ಅಲ್ಲ.

ಡಾಕರ್ ಮತ್ತು ಆ ಒಂದು ‘ವಿ’

ಡಾಕರ್ ಕಂಪೋಸ್ ಫೈಲ್‌ನಲ್ಲಿ ಇಮೇಜ್ ಹೆಸರಿನ ಮುಂದೆ ‘ಲೇಟೆಸ್ಟ್’ ಅಂತ ಬರೆದಿದ್ದರೆ ಒಂದಲ್ಲ ಒಂದು ದಿನ ಇದು ಬರುತ್ತೆ: ‘ಡೇಟಾ ಡೈರೆಕ್ಟರಿ ವಾಸ್ ಇನಿಷಿಯಲೈಸ್ಡ್ ಬೈ ಪೋಸ್ಟ್‌ಗ್ರೆಸ್‌ಕ್ಯೂಎಲ್ ವರ್ಷನ್ 15, ವಿಚ್ ಈಸ್ ನಾಟ್ ಕಂಪ್ಯಾಟಿಬಲ್ ವಿತ್ ದಿಸ್ ವರ್ಷನ್ 16’. ಹೊಸ ಇಮೇಜ್ ಇಳಿದಿದೆ, ಡೇಟಾ ಹಳೇ ವರ್ಷನ್‌ನದ್ದು. ಏನೂ ಕೆಟ್ಟಿಲ್ಲ. ‘ಲೇಟೆಸ್ಟ್’ ತೆಗೆದು 15 ಅಂತ ಬರೆದರೆ ಸರ್ವರ್ ಏಳುತ್ತೆ. ಹೊಸದು ಬೇಕೇ ಬೇಕಿದ್ದರೆ ಹಳೇದರಿಂದ ಡಂಪ್ ತೆಗೆದು ಹೊಸದಕ್ಕೆ ತುಂಬಿಸೋದು.

ನಮ್ಮ ಹಾಸ್ಟೆಲ್‌ನ ಒಂದು ಟೀಮ್‌ಗೆ ಇದೇ ಮೆಸೇಜ್ ಬಂತು. ಎನ್‌ಎಸ್‌ಎಸ್ ಕ್ಯಾಂಪ್‌ನಲ್ಲಿ ಮನೆಮನೆಗೆ ಹೋಗಿ ನೀರಿನ ಬಗ್ಗೆ ಬರೆದುಕೊಂಡು ಬಂದಿದ್ದ ಸರ್ವೆ ಹಾಳೆಗಳನ್ನ ನಾಲ್ಕು ಜನ ಸೇರಿ ರಾತ್ರಿಗಟ್ಟಲೆ ಟೈಪ್ ಮಾಡಿ ಹಾಕಿದ್ದರು. ಎಲ್ಲೋ ಓದಿ ‘ಡಾಕರ್ ಕಂಪೋಸ್ ಡೌನ್ ಮೈನಸ್ ವಿ’ ಕೊಟ್ಟರು. ಆ ‘ವಿ’ ಅಂದರೆ ವಾಲ್ಯೂಮ್. ಡೇಟಾ ಇರೋದೇ ವಾಲ್ಯೂಮ್‌ನಲ್ಲಿ. ಮುಂದಿನ ಅಪ್‌ಗೆ ಸರ್ವರ್ ಚಕಚಕ ಅಂತ ಎದ್ದಿತು, ಖಾಲಿ. ಕೋಡ್ ಒಂದಕ್ಷರ ಹೋಗಿರಲಿಲ್ಲ, ಎಲ್ಲ ಗಿಟ್‌ನಲ್ಲಿತ್ತು. ಡೇಟಾ ಗಿಟ್‌ನಲ್ಲಿರಲ್ಲ. ಹಾಳೆಗಳು ಇನ್ನೂ ಬೀರುವಿನಲ್ಲಿದ್ದವು ಅಂತ ಮತ್ತೆ ಕೂತು ಟೈಪ್ ಮಾಡಿದರು.

ಗಿಟ್‌ಲ್ಯಾಬ್‌ನಲ್ಲಿ ಆದದ್ದು

ಇದು ಬರೀ ಸ್ಟೂಡೆಂಟ್ ಲೆವೆಲ್ ತೊಂದರೆ ಅನ್ನೋರಿಗೆ 2017ರ ಜನವರಿ 31ರ ಗಿಟ್‌ಲ್ಯಾಬ್ ಘಟನೆ ಗೊತ್ತಿರಬೇಕು. ಅವರೇ ಎಲ್ಲವನ್ನೂ ಬಹಿರಂಗವಾಗಿ ಬರೆದಿದ್ದಾರೆ, ಆ ಧೈರ್ಯಕ್ಕೆ ಮೆಚ್ಚಬೇಕು.

ಅವರ ಹತ್ತಿರ ಪೋಸ್ಟ್‌ಗ್ರೆಸ್‌ನ ಒಂದು ಮುಖ್ಯ ಸರ್ವರ್, ಅದರ ನಕಲಾಗಿ ಇನ್ನೊಂದು. ಲೋಡ್ ಜಾಸ್ತಿಯಾಗಿ ನಕಲು ಹಿಂದೆ ಬಿತ್ತು. ಅದನ್ನ ಮೊದಲಿಂದ ಕಟ್ಟೋಣ ಅಂತ ಹೊರಟರು. ಅದಕ್ಕೆ ಮುಖ್ಯ ಸರ್ವರ್‌ನಲ್ಲಿ ಒಂದು ಸೆಟ್ಟಿಂಗ್ ಬದಲಿಸಿ ರೀಸ್ಟಾರ್ಟ್ ಮಾಡಿದರೆ, ಪೋಸ್ಟ್‌ಗ್ರೆಸ್ ಏಳಲಿಲ್ಲ. ಸೆಮಾಫೋರ್ ಜಾಸ್ತಿಯಾಯ್ತು ಅಂತ ಕಾರಣ ಹೇಳಿತು. ‘ಮ್ಯಾಕ್ಸ್ ಕನೆಕ್ಷನ್ಸ್’ 8000 ಇತ್ತು, ಅದನ್ನ 2000ಕ್ಕೆ ಇಳಿಸಿದರು, ಎದ್ದಿತು. ಇಲ್ಲಿವರೆಗೂ ಪಾಠದ ಪ್ರಕಾರ: ಮೆಸೇಜ್ ಓದಿದರು, ಅದು ಹೇಳಿದ್ದನ್ನ ಸರಿ ಮಾಡಿದರು.

ಆಮೇಲೆ ನಕಲು ತೆಗೆಯೋ ಟೂಲ್ ಏನೂ ಹೇಳದೇ ಸುಮ್ಮನೆ ನಿಂತುಬಿಟ್ಟಿತು. ನಿಜವಾಗಿ ಅದು ಮುಖ್ಯ ಸರ್ವರ್ ಡೇಟಾ ಕಳಿಸೋಕೆ ಶುರು ಮಾಡಲಿ ಅಂತ ಕಾಯ್ತಾ ಇತ್ತು, ಆದರೆ ಕಾಯ್ತಿದ್ದೀನಿ ಅಂತ ಸ್ಕ್ರೀನ್ ಮೇಲೆ ಬರೆಯಲಿಲ್ಲ. ನಕಲಿನ ಡೇಟಾ ಫೋಲ್ಡರ್‌ನಲ್ಲಿ ಹಳೇ ಫೈಲ್ ಉಳಿದಿರಬೇಕು ಅಂದುಕೊಂಡ ಎಂಜಿನಿಯರ್ ಅದನ್ನ ಅಳಿಸೋ ಕಮಾಂಡ್ ಕೊಟ್ಟರು. ಟರ್ಮಿನಲ್ ಇದ್ದದ್ದು ಮುಖ್ಯ ಸರ್ವರ್‌ನಲ್ಲಿ. ಒಂದೆರಡು ಸೆಕೆಂಡ್‌ನಲ್ಲಿ ಗೊತ್ತಾಗಿ ನಿಲ್ಲಿಸಿದರು. ಸುಮಾರು 300 ಜಿಬಿಯಲ್ಲಿ ಉಳಿದದ್ದು 4.5 ಜಿಬಿ.

ಬ್ಯಾಕಪ್? ಪ್ರತಿದಿನ ಡಂಪ್ ತೆಗೀತಿದ್ದ ಟೂಲ್ ಹಳೇ 9.2 ವರ್ಷನ್, ಸರ್ವರ್ 9.6, ಹಾಗಾಗಿ ಡಂಪ್ ಫೇಲ್ ಆಗ್ತಿತ್ತು. ಫೇಲ್ ಆಯ್ತು ಅಂತ ಹೋಗ್ತಿದ್ದ ಈಮೇಲ್‌ಗಳೂ ತಲುಪ್ತಿರಲಿಲ್ಲ. ಬ್ಯಾಕಪ್ ಇರಬೇಕಿದ್ದ ಜಾಗ ಖಾಲಿ. ಕೊನೆಗೆ ಉಳಿಸಿದ್ದು, ಟೆಸ್ಟಿಂಗ್‌ಗೆ ಬೇಕು ಅಂತ ಆರು ಗಂಟೆ ಮುಂಚೆ ಕೈಯಾರೆ ತೆಗೆದಿದ್ದ ಒಂದು ಡಿಸ್ಕ್ ಸ್ನ್ಯಾಪ್‌ಶಾಟ್. ಆರು ಗಂಟೆಯ ಡೇಟಾ ವಾಪಸ್ ಬರಲೇ ಇಲ್ಲ. ಗಿಟ್ ರೆಪೊಗಳಿಗೆ ಏನೂ ಆಗಿರಲಿಲ್ಲ, ಹೋಗಿದ್ದು ಇಶ್ಯೂ, ಕಮೆಂಟ್, ಹೊಸ ಅಕೌಂಟ್‌ಗಳಂಥ ಡೇಟಾಬೇಸ್‌ನಲ್ಲಿದ್ದ ವಿಷಯ. ಅಲ್ಲೂ ಕೋಡ್ ಉಳೀತು, ಡೇಟಾ ಹೋಯ್ತು.

ಡಂಪ್ ತೆಗೆಯೋಕೆ

ಸರ್ವರ್ ಚೆನ್ನಾಗಿ ಓಡ್ತಿರೋ ಇವತ್ತೇ ಮಾಡಬಹುದಾದ್ದು ಇದು. ಝ್ಯಾಂಪ್‌ನಲ್ಲಿ ಪಿಎಚ್‌ಪಿಮೈಆಡ್ಮಿನ್‌ನ ‘ಎಕ್ಸ್‌ಪೋರ್ಟ್’ ಬಟನ್ ಸಾಕು. ಟರ್ಮಿನಲ್‌ನಲ್ಲಾದರೆ ‘ಮೈಎಸ್‌ಕ್ಯೂಎಲ್‌ಡಂಪ್’, ಜೊತೆಗೆ ‘ಸಿಂಗಲ್ ಟ್ರಾನ್ಸಾಕ್ಷನ್’ ಆಪ್ಷನ್, ಲ್ಯಾಬ್‌ನಲ್ಲಿ ಸ್ಟೋರ್ಡ್ ಪ್ರೊಸೀಜರ್ ಬರೆದಿದ್ದರೆ ‘ರೂಟೀನ್ಸ್’ ಕೂಡ, ಇಲ್ಲಾಂದ್ರೆ ಅವು ಬರಲ್ಲ. ಪೋಸ್ಟ್‌ಗ್ರೆಸ್‌ಗೆ ‘ಪಿಜಿ ಡಂಪ್’. ಬರೋ ಎಸ್‌ಕ್ಯೂಎಲ್ ಫೈಲ್ ನಮ್ಮ ಪ್ರಾಜೆಕ್ಟ್‌ಗಳಿಗೆ ಕೆಲವು ಎಂಬಿ ಇರುತ್ತೆ, ಡ್ರೈವ್‌ಗೆ ಹಾಕಿ ಇಲ್ಲ ಟೀಮ್ ವಾಟ್ಸಾಪ್ ಗ್ರೂಪ್‌ಗೆ ಕಳಿಸಿ. ಒಳಗೆ ಜನರ ಹೆಸರು, ಫೋನ್ ನಂಬರ್ ಇದ್ದರೆ ಮಾತ್ರ ಗ್ರೂಪ್ ಬೇಡ, ಪಬ್ಲಿಕ್ ರೆಪೊ ಅಂತೂ ಬೇಡವೇ ಬೇಡ.

ಕಳಿಸೋ ಮುಂಚೆ ಆ ಫೈಲ್‌ನ ನೋಟ್‌ಪ್ಯಾಡ್‌ನಲ್ಲಿ ತೆರೆದು ಕೊನೆಗೆ ಹೋಗಿ. ಮೈಎಸ್‌ಕ್ಯೂಎಲ್‌ಡಂಪ್ ಪೂರ್ತಿ ಮುಗಿದಿದ್ದರೆ ಕೊನೇ ಸಾಲಲ್ಲಿ ‘ಡಂಪ್ ಕಂಪ್ಲೀಟೆಡ್’ ಅಂತ ತಾರೀಖಿನ ಜೊತೆ ಬರೆದಿರುತ್ತೆ. ಆ ಸಾಲು ಇಲ್ಲ ಅಂದ್ರೆ ಮಧ್ಯದಲ್ಲೇ ನಿಂತಿದೆ, ಮತ್ತೆ ತೆಗೀಬೇಕು.